ಕಿಡಿ ನೋಡಲು ಒಂದು ಸಲಕರಣೆ

ದವಾಖಾನೆಯಲ್ಲಿ ನಗು ಬರುವುದು ನಗಬಾರದ ಹೊತ್ತಿನಲ್ಲೇ. ಎರಡನೇ ಮಹಾಯುದ್ಧದ ವರ್ಷಗಳಲ್ಲಿ ನಾನು ರಾಯಚೂರಿನಲ್ಲಿ ಮೇಟ್ರನ್, ಜನರ ಬಾಯಲ್ಲಿ ‘ಬಾಯಾರು’, ಆಗಿದ್ದಾಗ ಅಂಥ ನಗುವನ್ನು ಎಷ್ಟೋ ಸಲ ನುಂಗಿಕೊಂಡಿದ್ದೇನೆ. ಕಾನ್ವೆಂಟಿನಲ್ಲಿ ಕಲಿತವಳಿಗೆ ಅದೇನು ಕಷ್ಟವಲ್ಲ. ಹೆಚ್ಚಿನ ಸಲ ಅದಕ್ಕೆ ಕಾರಣ ನಮ್ಮ ಹಳೆಯ ವ್ಯಾನು. ದೇವದುರ್ಗ, ಮಾನ್ವಿ ಕಡೆಯ ಬಸುರಿಯರನ್ನು ನೋಡಲು ಹೋಗುತ್ತಿದ್ದ ಆ ವ್ಯಾನು ಕಂಡಕಂಡಲ್ಲಿ ನಿಲ್ಲುತ್ತಿತ್ತು. “ಇದರಿಂದಾಗಿ ಒಬ್ಬಾಕೆ ದವಾಖಾನೆಗೆ ತಲುಪದೆ ಹೋದರೂ ನಿಮ್ಮ ತಿರುಗಾಟ ಬಂದ್” ಎಂದು ದೊಡ್ಡ ಡಾಕ್ಟರು ಹೇಳಿದ್ದರು. ಆ ಹೆಂಗಸರಿಗೆ ಬೇರೆ ಗತಿ ಇರಲಿಲ್ಲ.

ವ್ಯಾನು ನಿಂತಾಗ ಮೊದಲು ತಿಳಿಯಬೇಕಾದದ್ದು, ಎಂಜಿನ್ನಿನ ವೈರಿನಲ್ಲಿ ಪೆಟ್ರೋಲ್ ಹೊತ್ತಿಸುವ ಕಿಡಿ ಬರುತ್ತಿದೆಯೋ ಇಲ್ಲವೋ ಎಂಬುದು. ಅದನ್ನು ಯಾವುದರಿಂದ ನೋಡಬೇಕು ಎಂಬುದನ್ನು ನಾನೇ ಗೊತ್ತುಮಾಡಬೇಕಾಯಿತು.

೧. ಬೆರಳು

ನಮ್ಮ ಡ್ರೈವರ್ ವಯಸ್ಸಾದ ಸಾಬರು. ಜೊತೆಗೆ ಬರುತ್ತಿದ್ದ ಕಂಪೌಂಡರ್ ವ್ಯಾನಿನ ಮುಂದಿನ ಹ್ಯಾಂಡಲ್ ತಿರುಗಿಸಿದರೆ ಇವರು ವೈರಿಗೆ ಬೆರಳು ಇಡುತ್ತಿದ್ದರು. ಮೈ ಜುಮ್ಮೆಂದು ಅದುರಿದರೆ ಕಿಡಿ ಇದೆ ಎಂದು ಅರ್ಥ.

“ಇದು ಯಾವ ಪದ್ಧತಿ?” ಎಂದು ಗದರಿದೆ.

“ನೀವು ನಾಡಿ ಯಾತರ್ಲೆ ನೋಡ್ತೀರಿ, ಬಾಯಾರ?”

“ಬೆರಳಿನಿಂದ.”

“ನಾನೂ ನಾಡೀನೇ ನೋಡಾಕತ್ತೀನ್ರಿ.”

“ನನ್ನ ರೋಗಿಗಳು ಹೀಗೆ ಒದೆಯುವುದಿಲ್ಲ.”

“ಹೆರಿಗಿ ಹೊತ್ತಿನಾಗೂ ಒದಿಯಂಗಿಲ್ಲೇನ್ರಿ?” ಎಂದರು.

೨. ರಬ್ಬರ್ ಕೈಗವಸು

ತಿರುಪು ಬಿಗಿಸುವ, ಮರದ ಹಿಡಿಯ ಪೇಚ್‌ಕಸ್ ಒಂದನ್ನು ತರಿಸಿದೆ. ಅದನ್ನು ವೈರಿಗೆ ಸಿಕ್ಕಿಸಿ ಎಂಜಿನ್ನಿನ ಕಬ್ಬಿಣದ ಹತ್ತಿರ ಹಿಡಿದರೆ ಕಿಡಿ ಹಾರುವುದು ಕಾಣುತ್ತದೆ. ಜೊತೆಗೆ ಆಪರೇಷನ್ ಕೋಣೆಯಲ್ಲಿ ಸವೆದ ಒಂದು ಜೊತೆ ರಬ್ಬರ್ ಕೈಗವಸನ್ನೂ ಡ್ರೈವರಿಗೆ ಕೊಟ್ಟೆ.

ಗಬ್ಬೂರಿನಲ್ಲಿ ನಾನು ಬೇವಿನ ಮರದ ಕೆಳಗೆ ರೋಗಿಗಳನ್ನು ನೋಡುತ್ತಿದ್ದೆ. ತಲೆ ಎತ್ತಿದರೆ ಸಾಲು ನನ್ನ ಮುಂದಿರಲಿಲ್ಲ, ವ್ಯಾನಿನ ಮುಂದಿತ್ತು. ಕೈಗವಸು ಹಾಕಿದ ಡ್ರೈವರಿಗೆ ಒಬ್ಬ ಮುದುಕಿ ಮಂಡಿ ತೋರಿಸುತ್ತಿದ್ದಳು.

“ಯವ್ವಾ, ಅವರು ಡ್ರೈವರ್” ಎಂದೆ.

“ಇರ್ಲಿ ಬಿಡ್ರಿ ಬಾಯಾರ. ಸತ್ತ ಗಾಡಿಗೆ ಜೀವಾ ತರಾಂವ, ನನ್ನ ಮೊಣಕಾಲು ನೋಡಲಾರನೇನು?”

೩. ಗಾಜಿನ ಪೆನ್ಸಿಲ್

ಆದರೂ ನನಗೆ ಒಪ್ಪವಾದ ಸಲಕರಣೆಯೇ ಬೇಕಿತ್ತು. ಹೈದರಾಬಾದಿನಿಂದ ಪೆನ್ಸಿಲಿನಂಥದೊಂದನ್ನು ತರಿಸಿದೆ. ತುದಿಯನ್ನು ವೈರಿಗೆ ಹಿಡಿದರೆ ಒಳಗಿನ ಗಾಜಿನ ನಳಿಗೆ ಕೆಂಪಗೆ ಹೊಳೆಯಬೇಕು. ಥರ್ಮಾಮೀಟರಿನಷ್ಟೇ ಅಚ್ಚುಕಟ್ಟು. ಒಂದೇ ಕೊರತೆ, ನಮ್ಮ ಬಿಸಿಲಿನಲ್ಲಿ ಆ ಹೊಳಪು ಕಾಣುತ್ತಿರಲಿಲ್ಲ. ಸಿರವಾರದ ಸಂತೆಯ ದಿನ ಎಂಜಿನ್ನಿಗೆ ಕಂಬಳಿ ಹೊದಿಸಿ, ಡ್ರೈವರ್ ಅದರೊಳಗೆ ತಲೆ ತೂರಿಸಬೇಕಾಯಿತು.

ದಾರಿಹೋಕ ರೈತರಿಬ್ಬರು ನಿಂತರು. ಒಬ್ಬ ಇನ್ನೊಬ್ಬನನ್ನು ಕೇಳಿದ: “ಏನಾಗ್ಯಾದಲೇ ಗಾಡಿಗೆ?”

“ಚಳಿಜ್ವರ. ಬೆವರು ಬಿಡಸಾಕತ್ತಾರ.”

“ಮತ್ತ ಆ ಮನಶಾ ಯಾಕ ಒಳಗ ಹೊಕ್ಕಾನ?”

“ಅವಗ ಅಂಟೇದ. ಬಾಯಾರಿಗೆ ಅಂಟಬಾರ್ದಂತ ದೂರ ನಿಂದ್ರಿಸ್ಯಾರ.”

ಮರುದಿನವೇ ಪೆನ್ಸಿಲ್ ಕಪಾಟು ಸೇರಿತು.

೪. ತಾಮ್ರ

ಮಾನ್ವಿಯ ಒಬ್ಬ ಆಚಾರರ ಸೊಸೆಗೆ ನೋವು ಶುರುವಾಗಿ, ಕೂಸು ಅಡ್ಡ ತಿರುಗಿತ್ತು. ರಾಯಚೂರಿಗೆ ಒಯ್ಯದಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ. ಗಂಡ ಊರಲ್ಲಿಲ್ಲದ್ದರಿಂದ ಆಪರೇಷನ್ನಿಗೆ ಒಪ್ಪಿಗೆ ಕೊಡಲು ಮಾವನೇ ಬರಬೇಕಿತ್ತು. ಆಕೆಯನ್ನು ವ್ಯಾನಿನಲ್ಲಿ ಮಲಗಿಸಿ, ನಾಡಿ ಹಿಡಿದು ಕುಳಿತೆ. ವ್ಯಾನು ಹೊರಡಲಿಲ್ಲ.

ಅಂದು ಕಂಪೌಂಡರ್ ಬಂದಿರಲಿಲ್ಲ. ಡ್ರೈವರ್ ಪೇಚ್‌ಕಸ್ಸನ್ನು ವೈರಿಗೆ ಸಿಕ್ಕಿಸಿ, ಕಬ್ಬಿಣದ ಹತ್ತಿರ ಬರುವಂತೆ ಎಂಜಿನ್ನಿನ ಮೇಲೆ ಆನಿಸಿಟ್ಟರು. ಇನ್ನು ಅವರು ಮುಂದೆ ಹೋಗಿ ಹ್ಯಾಂಡಲ್ ತಿರುಗಿಸಬೇಕು, ಕಿಡಿ ನೋಡಲು ಮತ್ತೊಬ್ಬರು ಬೇಕು. ಆಚಾರರು ಆಗಷ್ಟೇ ಬಾವಿಯಲ್ಲಿ ಸ್ನಾನ ಮಾಡಿ, ಒದ್ದೆ ಮಡಿಯಲ್ಲಿ ಬಂದಿದ್ದರು.

“ಸ್ವಲ್ಪ ನೋಡ್ರಿ ಆಚಾರ್ರ. ಮುಟ್ಟಬ್ಯಾಡ್ರಿ” ಎಂದರು ಡ್ರೈವರ್.

ಆಚಾರರಿಗೆ ಸಂತೋಷವಾಯಿತು. “ನನ್ನ ಮಡಿ ನಿನಗ ತಿಳೀತದ. ಭಾಳ ಛಲೋ ಮನಶಾ ಅದೀ. ನಿನ್ನ ಮುಟ್ಟಂಗಿಲ್ಲ ಬಿಡು.”

ಮೊದಲ ತಿರುವಿಗೇ ಪೇಚ್‌ಕಸ್ ಜಾರಿ ಬಿತ್ತು. ವೈರಿನ ತುದಿ ಬರಿದಾಗಿ ಹೊಳೆಯಿತು.

“ತಾಮ್ರಕ್ಕ ಮೈಲಿಗಿ ಇಲ್ಲ” ಎನ್ನುತ್ತ ಆಚಾರರು ಅದನ್ನು ಹಿಡಿದುಕೊಂಡರು. ಡ್ರೈವರ್ ಮತ್ತೊಮ್ಮೆ ತಿರುಗಿಸಿದರು.

ಆಚಾರರು ಹಿಂದಕ್ಕೆ ಹಾರಿದ ರಭಸಕ್ಕೆ ಅವರ ಶಿಖೆ ಬಿಚ್ಚಿಹೋಯಿತು. ಡ್ರೈವರ್ ಇಣುಕಿ ನೋಡಿ, “ಕಿಡಿ ಭೇಷ್ ಅದರೀ ಬಾಯಾರ. ಪೆಟ್ರೋಲಿನಾಗ ಕಸ ಸಿಕ್ಕಿರಬೇಕು” ಎಂದರು. ಪೆಟ್ರೋಲ್ ಬರುವ ನಳಿಗೆ ಬಿಚ್ಚಿ ಊದಿದರು. ಎಂಜಿನ್ ಶುರುವಾಯಿತು.

ಆಚಾರರು ಮಾತ್ರ ಹತ್ತಲಿಲ್ಲ. ಬಾಗಿಲ ಬಳಿ ಬಂದು ಗಂಭೀರವಾಗಿ ಕೇಳಿದರು: “ಬಾಯಾರ, ತಾಮ್ರ ಶುದ್ಧ, ಖರೆ. ಅದರೊಳಗಿಂದ ಬಂದದ್ದು ಏನೋ ಗೊತ್ತಿಲ್ಲ. ಅದು ನನ್ನ ಮುಟ್ಟಿತೋ, ಹೊಡೀತೋ? ಮುಟ್ಟಿದ್ರ ಮತ್ತ ಸ್ನಾನ ಮಾಡೇ ಮನಿ ಬಿಡಬೇಕು.”

ಬಾವಿ ಓಣಿಯ ಆ ತುದಿಗಿತ್ತು. ನನ್ನ ಕೈಯಲ್ಲಿ ಸೊಸೆಯ ನಾಡಿ ಓಡುತ್ತಿತ್ತು. ಸುಳ್ಳು ಹೇಳುವುದನ್ನು ನನಗೆ ಯಾರೂ ಕಲಿಸಿರಲಿಲ್ಲ. ಆದರೆ ಕರೆಂಟು ಮುಟ್ಟಿತು ಎಂದು ಕನ್ನಡದಲ್ಲಿ ಯಾರು ಹೇಳುತ್ತಾರೆ?

“ಹೊಡೆಯಿತು” ಎಂದೆ.

ಅವರು ಶಿಖೆ ಗಂಟು ಹಾಕಿಕೊಂಡು, “ಹೊಡತಕ್ಕ ಸ್ನಾನ ಹೇಳಿಲ್ಲ” ಎಂದು ಹತ್ತಿ ಕುಳಿತರು.

ತಾಯಿ ಉಳಿದಳು, ಕೂಸೂ ಉಳಿಯಿತು. ನಮ್ಮ ತಿರುಗಾಟ ಮುಂದುವರಿಯಿತು. ಅಂದು ಸಂಜೆ, ನನ್ನ ಸಲಕರಣೆಗಳನ್ನೆಲ್ಲ ಬಲ್ಲ ದೊಡ್ಡ ಡಾಕ್ಟರು ವಾರ್ಡಿಗೆ ಬಂದು, “ಇವತ್ತು ಕಿಡಿಯನ್ನು ಯಾವುದರಿಂದ ನೋಡಿದಿರಿ?” ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಬೆಂಚಿನ ಮೇಲಿದ್ದ ಆಚಾರರು ಹೇಳಿದರು:

“ನನ್ನಿಂದ.”