ಒಂದೇ ಬಾವಿ, ಎರಡು ಪಂಪು

ಒಂದು ಬಾವಿಗೆ ಎರಡು ಮನೆಯವರು ಹಕ್ಕುದಾರರಾದರೆ ದಿನಕ್ಕೊಂದು ತಮಾಷೆ ಇದ್ದದ್ದೇ. ಅದು ಯಾವಾಗಲೂ ನಮ್ಮ ಮನೆಯಲ್ಲೇ ಆಗುತ್ತದೆ ಎನ್ನುವುದು ನನ್ನ ಸಂಕಟ. ಗೋರೆಗಾಂವ್‌ನಲ್ಲಿ ನಮ್ಮದೂ ಪಕ್ಕದವರದೂ ಒಂದೇ ಗೋಡೆಗೆ ಅಂಟಿಕೊಂಡ ಹಳೇ ಮನೆಗಳು. ಹಿತ್ತಲಲ್ಲಿ ಇಬ್ಬರಿಗೂ ಸೇರಿದ ಬಾವಿ, ಮಾಳಿಗೆ ಮೇಲೆ ಅಕ್ಕಪಕ್ಕ ಎರಡು ಟ್ಯಾಂಕು. ಪಕ್ಕದವರು ಉಡುಪಿ ಕಡೆಯವರು, ಘಾಟ್ಕೋಪರ್‌ನಲ್ಲಿ ಹೋಟೆಲ್. ನಾನು ಮೈಸೂರಿನವನು, ರಿಟೈರ್ ಆಗಿ ಮನೆಯಲ್ಲಿದ್ದೇನೆ.

ಮೊಬೈಲ್ ಪಂಪು

ಪಕ್ಕದವರು ಬಾವಿಗೆ ಹೊಸ ಪಂಪು ಇಳಿಸಿದರು. ಹೋಟೆಲ್ ಗಲ್ಲಾದಲ್ಲಿ ಕೂತು ಮೊಬೈಲ್ ಒತ್ತಿದರೆ ಇಲ್ಲಿ ನೀರು ಏರುತ್ತದೆ.

"ನೀವೂ ಹಾಕಿಸಿ ಮಾರಾಯ್ರೆ, ಭಾರೀ ಸುಲಭ ಉಂಟು."

ನನ್ನ ಹೊಟ್ಟೆ ಉರಿದುಹೋಯಿತು. "ಅಂಥವು ಬೇಗ ಕೆಡುತ್ತವಂತೆ," ಎಂದೆ.

ಆ ವಾರವೇ ಒಂದು ಪಂಪು ಕೆಟ್ಟಿತು. ನಮ್ಮದು.

ಅದೇ ಕಪ್ಪು ವೈರು

ನಾನೂ ಪಂಪು, ಪೈಪು, ವೈರು ಎಲ್ಲ ಹೊಸದು ಹಾಕಿಸಲು ಹೊರಟೆ. ಅವರ ಎಲೆಕ್ಟ್ರಿಶಿಯನ್ನೇ ಬೇಕು, ಅವರಂಥದ್ದೇ ಪಂಪು ಬೇಕು, ಆದರೆ ಒಂದು ಸೈಜು ದೊಡ್ಡದು. ಮೊಬೈಲ್ ಮಾತ್ರ ಬೇಡ, ಕಾಪಿ ಹೊಡೆದೆ ಅನ್ನಿಸಿಕೊಳ್ಳಬಾರದಲ್ಲ!

ಹೆಂಡತಿ, "ವೈರಾದ್ರೂ ಬೇರೆ ಬಣ್ಣದ್ದು ತಗೊಳ್ರೀ, ಗುರುತು ಸಿಗುತ್ತೆ," ಎಂದಳು.

"ಅವರು ಕಪ್ಪು ಹಾಕ್ಸಿದಾರೆ ಅಂದ್ರೆ ಏನೋ ವಿಶೇಷ ಇರ್ಬೇಕು. ನಮ್ಗೂ ಕಪ್ಪೇ."

ಎಲೆಕ್ಟ್ರಿಶಿಯನ್ ಎರಡು ಮನೆಯ ವೈರನ್ನೂ ಬಾವಿ ಕಟ್ಟೆಯ ಒಂದೇ ಡಬ್ಬಿಯೊಳಗೆ ಜೋಡಿಸಿ ನಮ್ಮ ಸ್ವಿಚ್ ಒತ್ತಿದ. ಮೇಲೆ ಟ್ಯಾಂಕಿಗೆ ನೀರು ಬೀಳುವ ಸದ್ದು ಕೇಳಿಸಿತು. "ಹೋ ಗಯಾ ಸಾಬ್! ಸೇಮ್ ಟು ಸೇಮ್!"

ಆ ಮಾತಿಗೆ ಎಷ್ಟು ಖುಷಿಯಾಯಿತೆಂದರೆ ಅವನಿಗೆ ಇನ್ನೊಂದು ಚಹಾ ಕುಡಿಸಿದೆ.

ಐದು ಗಂಟೆ

ಬೇಸಿಗೆಯಲ್ಲಿ ಬಾವಿಯ ನೀರು ಇಳಿಯಿತು. ಅವರು ಮೊಬೈಲ್ ಒತ್ತುವ ಮೊದಲೇ ನಾನು ಎಳೆದುಕೊಳ್ಳಬೇಕೆಂದು ದಿನಾ ಬೆಳಿಗ್ಗೆ ಐದಕ್ಕೇ ಎದ್ದು ಸ್ವಿಚ್ ಹಾಕತೊಡಗಿದೆ. ಮೇಲಿನ ನೀರಿನ ಸದ್ದು ಕೇಳುತ್ತಾ, ಪಕ್ಕದವರು ಗೊರಕೆ ಹೊಡೆಯುತ್ತಿದ್ದಾರೆಂದು ನೆನೆಸಿಕೊಂಡು ಕಾಫಿ ಕುಡಿಯುವುದೇ ಒಂದು ಸುಖ.

"ನೀವು ಐದಕ್ಕೆ ಹಾಕ್ತೀರಿ, ನಮ್ಮ ಟ್ಯಾಂಕು ತುಂಬೋದು ಹನ್ನೊಂದಕ್ಕೆ!" ಎಂದಳು ಹೆಂಡತಿ.

"ಹೊಸ ಪೈಪು ಕಣೇ. ನೀರಿಗೆ ದಾರಿ ಅಭ್ಯಾಸ ಆಗ್ಬೇಕು."

ಜ್ವರ

ಒಂದು ದಿನ ಜ್ವರ ಬಂದು ಏಳಲಾಗಲಿಲ್ಲ. ಎಂಟು ಗಂಟೆಗೆ ಪಕ್ಕದವರು ಮೊಬೈಲ್ ಹಿಡಿದುಕೊಂಡು ನಮ್ಮ ಬಾಗಿಲ ಹೊರಗೆ ಬಂದು ನಿಂತರು. "ನಮ್ಮಲ್ಲಿ ಒಂದು ಹನಿ ನೀರಿಲ್ಲ. ಎಷ್ಟು ಒತ್ತಿದ್ರೂ ಬರುದಿಲ್ಲ ಮಾರಾಯ್ರೆ!"

ಕೊನೆಗೂ ಕೆಟ್ಟಿತು! ನನ್ನ ಅರ್ಧ ಜ್ವರ ಅಲ್ಲೇ ಇಳಿಯಿತು. ಅಷ್ಟರಲ್ಲಿ ನಮ್ಮ ಟ್ಯಾಂಕು ಉಕ್ಕಿ, ಮಾಳಿಗೆಯಿಂದ ನೀರು ಅವರ ತಲೆ ಮೇಲೇ ಸುರಿಯಿತು.

ಎಲೆಕ್ಟ್ರಿಶಿಯನ್ ಬಂದು ಡಬ್ಬಿ ಬಿಚ್ಚಿ ನಾಲಿಗೆ ಕಚ್ಚಿಕೊಂಡ. "ದೋನೋ ಕಾಲಾ ವೈರ್ ಹೈ ನಾ ಸಾಬ್, ಅದಲಾ ಬದಲೀ ಹೋ ಗಯಾ." ಎರಡೂ ವೈರು ಕಪ್ಪಾದ್ದರಿಂದ ಅದಲುಬದಲಾಗಿ, ಅವರು ಹನ್ನೊಂದಕ್ಕೆ ಒತ್ತುವ ಮೊಬೈಲಿಗೆ ನಮ್ಮ ಪಂಪು, ನಮ್ಮ ಸ್ವಿಚ್ಚಿಗೆ ಅವರ ಪಂಪು. ಅಂದರೆ ಇಷ್ಟು ದಿನ ನಾನು ನಿದ್ದೆಗೆಟ್ಟು ತುಂಬಿಸಿದ್ದು ಅವರ ಟ್ಯಾಂಕು!

"ಈಗ್ಲೇ ಬದಲಾಯಿಸು!" ಎಂದು ಕೂಗಿದೆ.

ಪಕ್ಕದವರು ತಲೆ ಒರೆಸಿಕೊಳ್ಳುತ್ತಾ ನನ್ನ ಕೈ ಹಿಡಿದುಕೊಂಡರು.

"ಹಾಗೇ ಇರ್ಲಿ ಬಿಡಿ ಮಾರಾಯ್ರೆ. ಮೊಬೈಲನ್ನಾದ್ರೆ ದಿನಾ ಚಾರ್ಜಿಗೆ ಇಡ್ಬೇಕು. ನೀವು ನಿಮ್ಮಷ್ಟಕ್ಕೇ ಏಳ್ತೀರಲ್ಲ!"