ಭಾವ ಸತ್ತ ಶುಕ್ರವಾರ

ನಮ್ಮ ಭಾವ ಒಂದು ಶುಕ್ರವಾರ ಬೆಳಿಗ್ಗೆ ನೀರುದೋಸೆ ತಿಂದು, ಕೈ ತೊಳೆದು, ಸತ್ತರು. ಮಧ್ಯಾಹ್ನ ಊಟದ ಹೊತ್ತಿಗೆ ಎದ್ದರು. ಸತ್ತಿದ್ದಷ್ಟು ಹೊತ್ತಾದರೂ ಸುಮ್ಮನಿದ್ದರೇ ಎಂದು ಕೇಳಬೇಡಿ. ಬದುಕಿದ್ದಾಗಲೇ ಸುಮ್ಮನಿರದ ಮನುಷ್ಯ, ಸತ್ತ ಮಾತ್ರಕ್ಕೆ ಸುಮ್ಮನಿರುತ್ತಾರೆಯೇ?

ಇವರು ನನ್ನ ಅಕ್ಕನ ಗಂಡ. ಕತಾರಿನ ರಾಸ್ ಲಫಾನಿನ ಗ್ಯಾಸ್ ಪ್ಲಾಂಟಿನಲ್ಲಿ ಸೇಫ್ಟಿ ಆಫೀಸರ್. ಅಲ್ಲಿ ಒಂದು ನಟ್ಟು ತಿರುಗಿಸಬೇಕಾದರೂ ಪರ್ಮಿಟ್ ಬೇಕು, ಆ ಪರ್ಮಿಟ್ಟಿಗೆ ಭಾವನ ಸಹಿ ಬೇಕು. ಈ ಅಭ್ಯಾಸವನ್ನು ಅವರು ಹೆಲ್ಮೆಟ್ಟಿನ ಜೊತೆಗೆ ಅಲ್ಲೇ ಕಳಚಿಟ್ಟು ಬರುತ್ತಿದ್ದರೆ ನನಗೆ ಬರೆಯುವುದಕ್ಕೆ ಏನೂ ಇರುತ್ತಿರಲಿಲ್ಲ. ಮುಐದರ್ ಎಂಬ ಬಡಾವಣೆಯ ಒಂದು ವಿಲ್ಲಾದ ಕೆಳಗಿನ ಭಾಗದಲ್ಲಿ ಭಾವ, ಅಕ್ಕ, ಅವರ ಮಗಳು, ಮೂಲೆಯ ಕೋಣೆಯಲ್ಲಿ ನಾನು. ಜನಸಂಖ್ಯೆ ನಾಲ್ಕು. ಅದರಲ್ಲಿ ಪ್ರಜೆಗಳು ಮೂವರು.

ಅಂದ ಹಾಗೆ, ನಮ್ಮ ಮನೆಯ ಮಾತು ತುಳು. ಇಲ್ಲಿ ಕನ್ನಡ ಮಾಡಿ ಕೊಡುತ್ತಿದ್ದೇನೆ. ಹಾಗೆ ಮಾಡುವಾಗ ಭಾವನ ಗದರಿಕೆಯ ಖಾರ ಅರ್ಧ ಇಳಿದುಹೋಗುತ್ತದೆ, ಓದುವಾಗ ಮೇಲಿಂದ ಒಂದಿಷ್ಟು ಮೆಣಸು ಉದುರಿಸಿಕೊಳ್ಳಬೇಕಾಗಿ ವಿನಂತಿ.

ಹಪ್ಪಳ ಕರಿಯುವುದಿದ್ದರೆ ಅಕ್ಕ ಮುಂಚಿತವಾಗಿ ತಿಳಿಸಬೇಕು. ಭಾವ ಬಂದು ಗ್ಯಾಸಿನ ಟ್ಯೂಬನ್ನು ಮೂಸಿ, ಕಿಟಕಿ ತೆರೆದು, ಒದ್ದೆ ಬಟ್ಟೆ ಹಿಡಿದುಕೊಂಡು ಬಾಣಲೆಯ ಪಕ್ಕದಲ್ಲಿ ನಿಲ್ಲುತ್ತಾರೆ. ಪಹರೆಯಲ್ಲಿ ಹಪ್ಪಳ ಕರಿಯುವ ಹೆಂಗಸು ಇಡೀ ಕತಾರಿನಲ್ಲಿ ನನ್ನ ಅಕ್ಕ ಒಬ್ಬಳೇ ಇರಬೇಕು. ಕರಿದ ಹಪ್ಪಳದಲ್ಲಿ ಮೊದಲನೆಯದನ್ನು ಅವರೇ ತಿನ್ನುತ್ತಾರೆ, ಅದೂ ಸೇಫ್ಟಿಗಾಗಿಯಂತೆ.

ಎಸಿಯ ವಿಷಯಕ್ಕೆ ಬನ್ನಿ. ಇಪ್ಪತ್ತಾರು ಡಿಗ್ರಿ. ಹೊರಗೆ ಮರಳು ಹುರಿಯುತ್ತಿರಲಿ, ಒಳಗೆ ನಾವು ಬೇಯುತ್ತಿರಲಿ, ಇಪ್ಪತ್ತಾರು. ಯಾರಾದರೂ ಕೈಹಾಕಿಯಾರು ಎಂದು ರಿಮೋಟನ್ನು ಅಂಗಿಯ ಜೇಬಿನಲ್ಲಿಟ್ಟುಕೊಂಡು ಡ್ಯೂಟಿಗೆ ಹೋಗುತ್ತಾರೆ. ಜಗತ್ತಿನ ದೊಡ್ಡ ಗ್ಯಾಸ್ ಪ್ಲಾಂಟುಗಳ ನಡುವೆ ಮುಐದರಿನ ಎರಡು ಕೋಣೆಯ ಎಸಿ ರಿಮೋಟು ಓಡಾಡಿಕೊಂಡಿರುತ್ತದೆ ಎಂದರೆ ಯಾರು ನಂಬುತ್ತಾರೆ?

ಇನ್ನು ವಿದೇಶಾಂಗ ನೀತಿ. ಒಮ್ಮೆ ಊರಿನ ಆಚೆ ತುದಿಯ ಲುಸೈಲಿನಲ್ಲಿರುವ ನನ್ನ ಆಫೀಸಿನಿಂದ ಗೆಳೆಯನೊಬ್ಬ ಚಾ ಕುಡಿಯಲು ಬಂದ. ಮೈಸೂರಿನವನು, ಮೆತ್ತಗಿನ ಮನುಷ್ಯ. ಭಾವ ಅವನನ್ನು ಬಾಗಿಲಲ್ಲೇ ನಿಲ್ಲಿಸಿ, ತುರ್ತು ಬಾಗಿಲು ಯಾವುದು, ಮೈನ್ ಸ್ವಿಚ್ ಎಲ್ಲಿದೆ, ಬೆಂಕಿ ಬಿದ್ದರೆ ಕಾಂಪೌಂಡಿನ ಯಾವ ಮೂಲೆಯಲ್ಲಿ ಸೇರಬೇಕು ಎಂದೆಲ್ಲ ವಿವರಿಸಿದರು. ಆತ ಕೈಕಟ್ಟಿಕೊಂಡು ಕೇಳಿ, "ಅರ್ಥ ಆಯ್ತು ಸಾರ್" ಎಂದು ಹೇಳಿ, ತುರ್ತು ಬಾಗಿಲಿನಿಂದಲೇ ಹೊರಟುಹೋದ. ಅಕ್ಕ ಇಟ್ಟಿದ್ದ ಚಾ ನಾನು ಕುಡಿದೆ.

ಅಕ್ಕನಿಗೆ ಕಾರು ಕಲಿಸುತ್ತೇನೆಂದು ಹೊರಟದ್ದೂ ಉಂಟು. ಟಯರು, ಬ್ರೇಕ್ ಆಯಿಲ್, ಕನ್ನಡಿ, ಬೆಲ್ಟು, ಎಲ್ಲ ಪರೀಕ್ಷಿಸಿ ಮುಗಿಯುವಾಗ ಪಾಠದ ಹೊತ್ತು ಮುಗಿಯುತ್ತಿತ್ತು. ಒಂದು ಇಡೀ ಚಳಿಗಾಲ ಅಕ್ಕ ಸ್ಟೀರಿಂಗ್ ಹಿಡಿದು ಕುಳಿತಳು. ಕಾರು ಮಾತ್ರ ಗೇಟಿನಿಂದ ಆಚೆ ಹೋಗಲಿಲ್ಲ.

ಹೀಗೆ ನಡೆಯುತ್ತಿದ್ದ ಸಾಮ್ರಾಜ್ಯದಲ್ಲಿ ಭಾವನಿಗೆ ಎದೆನೋವು ಕಾಣಿಸಿಕೊಂಡಿತು. ರಕ್ತನಾಳದಲ್ಲಿ ಮೂರು ಕಡೆ ಬ್ಲಾಕ್, ಬೈಪಾಸ್ ಮಾಡಲೇಬೇಕು, ಮುಂದಿನ ಮಂಗಳವಾರ ಎಂದರು ಡಾಕ್ಟರು. ಭಾವ ಹೆದರಿದರು. ಕೊಯ್ಯುವುದಕ್ಕಲ್ಲ. "ನನಗೆಂತಾದ್ರೂ ಆದ್ರೆ ವೀಸಾ ಖಲಾಸ್, ಮನೆ ಖಲಾಸ್. ನಿನ್ನ ಅಕ್ಕನಿಗೆ ಈ ಊರಲ್ಲಿ ಎಂತ ಗೊತ್ತುಂಟು ಹೇಳು? ಗೇಟಿನಿಂದ ಹೊರಗೆ ಬಲಕ್ಕೆ ಹೋಗ್ಬೇಕಾ ಎಡಕ್ಕೆ ಹೋಗ್ಬೇಕಾ ಅಂತ್ಲೂ ಗೊತ್ತಿಲ್ಲ" ಎಂದು ನನ್ನ ಹತ್ತಿರ ಮೆಲ್ಲಗೆ ಹೇಳಿದರು. ಆ ಸ್ವರವನ್ನು ನಾನು ಅವರಲ್ಲಿ ಹಿಂದೆ ಕೇಳಿರಲಿಲ್ಲ.

ಅದೇ ವಾರ ಟಿವಿಯಲ್ಲಿ ಒಂದು ಚರ್ಚೆ. ಜಗತ್ತಿನೊಡನೆ ಮಾತು ಬಿಟ್ಟು, ಬಾಗಿಲು ಜಡಿದುಕೊಂಡು ಕುಳಿತ ಯಾವುದೋ ದೇಶ. ಅದರ ನಾಯಕ ಕೆಲವು ದಿನಗಳಿಂದ ಹೊರಗೆ ಕಾಣಿಸಿಕೊಂಡಿಲ್ಲವಂತೆ, ಸತ್ತರೆ ಮುಂದೇನು ಎಂದು ಪಂಡಿತರು ಕೋಟು ಹಾಕಿಕೊಂಡು ಕೂಗಾಡುತ್ತಿದ್ದರು. ಗಡಿ ತೆರೆಯುತ್ತದೆ ಎಂದ ಒಬ್ಬ. ಕಾಳಸಂತೆ ಬಯಲಿಗೆ ಬರುತ್ತದೆ ಎಂದ ಇನ್ನೊಬ್ಬ. ಮತ್ತೊಬ್ಬನ ಪ್ರಕಾರ ಏನೂ ಆಗುವುದಿಲ್ಲ, ಜನರಿಗೆ ಎಲ್ಲ ಮೊದಲೇ ಅಭ್ಯಾಸವಾಗಿರುತ್ತದೆ. ಭಾವ ಟಿವಿ ಆರಿಸಿದರು.

"ಆ ನಾಯಕನಿಗೆ ಬುದ್ಧಿ ಇಲ್ಲ. ಬದುಕಿರುವಾಗಲೇ ಒಂದು ಮಾಕ್ ಡ್ರಿಲ್ ಮಾಡಿ ನೋಡ್ಬೇಕಿತ್ತು" ಎಂದರು.

ನಾವು ಮೂವರೂ ಮುಖ ಮುಖ ನೋಡಿಕೊಂಡೆವು. ಮುಂದಿನದು ನಮಗೆ ಗೊತ್ತಾಗಿಹೋಗಿತ್ತು.

ಶುಕ್ರವಾರ ಬೆಳಿಗ್ಗೆ ಭಾವ ಸೋಫಾದ ಮೇಲೆ ಉದ್ದಕ್ಕೆ ಮಲಗಿ ಎದೆಯವರೆಗೆ ಬಿಳಿ ಚಾದರ ಎಳೆದುಕೊಂಡರು. "ಈಗ ನಾನಿಲ್ಲ. ನೀನು ಕಂಪೆನಿಗೆ ಫೋನ್ ಮಾಡ್ಬೇಕು, ಆಮೇಲೆ ಎಂಬೆಸಿ, ಆಮೇಲೆ ಬ್ಯಾಂಕ್. ಸುಮ್ಮನೆ ಮಾಡಿದ ಹಾಗೆ ಮಾಡು, ಆದ್ರೆ ಸರಿಯಾಗಿ ಮಾಡು" ಎಂದು ಅಕ್ಕನಿಗೆ ಹೇಳಿದರು. ಮಗಳಿಗೆ ಗ್ಯಾಸು, ಮೈನ್ ಸ್ವಿಚ್ಚಿನ ಉಸ್ತುವಾರಿ.

"ನನಗೆ ಎಂತ ಕೆಲಸ ಭಾವ?"

"ನೀನು ಅಡ್ಡ ಬರ್ಬೇಡ" ಎಂದು ಹೇಳಿ ಪ್ರಾಣ ಬಿಟ್ಟರು. ಅವರ ಕೊನೆಯ ಮಾತು ನನ್ನ ಕುರಿತೇ ಆಯಿತಲ್ಲ ಎಂದು ನನಗೆ ಹೆಮ್ಮೆಯಾಯಿತು.

ಕೊನೆಯ ಮಾತು ಎಂದೆನೇ? ತಪ್ಪಾಯಿತು. ಅಡುಗೆಮನೆಯಲ್ಲಿ ಕುಕ್ಕರ್ ಕೂಗಿತು. ಸೋಫಾದ ಮೇಲಿಂದ, "ಮೂರಾಯ್ತು, ಆಫ್ ಮಾಡಿ."

"ಪಪ್ಪಾ, ಯು ಆರ್ ಡೆಡ್. ಡೆಡ್ ಬಾಡಿ ಕುಕ್ಕರ್ ಕೌಂಟ್ ಮಾಡೂದಿಲ್ಲ" ಎಂದಳು ಮಗಳು. ಹನ್ನೆರಡನೆಯ ಕ್ಲಾಸಿನ ಹುಡುಗಿ, ಇಂಗ್ಲಿಷೇ ನಾಲಿಗೆಗೆ ಹತ್ತಿರ.

"ಸತ್ತ ಮೇಲೂ ಸ್ವಲ್ಪ ಹೊತ್ತು ಕಿವಿ ಕೇಳ್ತದಂತೆ" ಎಂದಿತು ಹೆಣ.

ಅಕ್ಕ ಫೋನು ಹಿಡಿದು ಕುಳಿತಳು. ಕಂಪೆನಿಯವರೊಡನೆ, ಎಂಬೆಸಿಯವರೊಡನೆ, ಬ್ಯಾಂಕಿನವರೊಡನೆ ಮಾತನಾಡುವಂತೆ ನಟಿಸುತ್ತ ಹೋದಳು ನೋಡಿ, ನಾನು ಬಾಯಿ ತೆರೆದವನು ಮುಚ್ಚಲಿಲ್ಲ. ಇಂಗ್ಲಿಷು, ಹಿಂದಿ, ನಡುವೆ ಎರಡು ಅರಬಿ ಮಾತು. ಒಂದು ಕಡೆಯೂ ತಡವರಿಸಲಿಲ್ಲ. ಚಾದರದ ಕೆಳಗೆ ಭಾವನ ಹೆಬ್ಬೆರಳು ಅಸಮಾಧಾನದಿಂದ ಅಲ್ಲಾಡುತ್ತಿತ್ತು, ಹುಡುಕಿದರೂ ತಪ್ಪು ಸಿಗುತ್ತಿರಲಿಲ್ಲವಲ್ಲ.

ಸೆಕೆ ಏರಿತು. ರಿಮೋಟು ಹೆಣದ ಜೇಬಿನಲ್ಲಿ. ನಾನು ಕೈಹಾಕಲು ಹೋದರೆ ಅಕ್ಕ ತಡೆದಳು, "ಬೇಡ ಮಾರಾಯ, ಅದು ಅವರೊಟ್ಟಿಗೇ ಹೋಗ್ಲಿ." ಮಗಳು ಎದ್ದು ಅಡುಗೆಮನೆಗೆ ಹೋಗಿ, ಅಕ್ಕಿಯ ಡಬ್ಬಿಯೊಳಗೆ ಮೊಣಕೈವರೆಗೆ ಕೈಹಾಕಿ, ಇನ್ನೊಂದು ರಿಮೋಟು ತೆಗೆದಳು! ಕುಂಯ್ ಎಂದಿತು ಎಸಿ. ಇಪ್ಪತ್ತೆರಡು.

ಹೆಣ ಒಂದು ಕಣ್ಣು ಬಿಟ್ಟಿತು. "ಇದು ಯಾವಾಗಿಂದ?"

"ಪಪ್ಪಾ, ಡೆಡ್."

"ಸತ್ತವನೇ ಕೇಳ್ತಿದ್ದೇನೆ. ಯಾವಾಗಿಂದ?"

"ಥರ್ಡ್ ಸ್ಟ್ಯಾಂಡರ್ಡಿಂದ."

ಕಾಳಸಂತೆ ಬಯಲಿಗೆ ಬಂದಿತ್ತು. ಟಿವಿ ಪಂಡಿತರನ್ನು ನಾನು ಇನ್ನು ಮುಂದೆ ಗೇಲಿ ಮಾಡುವುದಿಲ್ಲ.

ಅಷ್ಟರಲ್ಲಿ ಗಡಿಯೂ ತೆರೆಯಿತು. ಮೇಲಿನ ಮನೆಯ ಮಲಯಾಳಿ ಹೆಂಗಸು, ನಮಗೆಲ್ಲ ಚೇಚಿ, ಬಾಗಿಲು ತಳ್ಳಿಕೊಂಡು, "ಸಾರ್ ಡ್ಯೂಟಿಗೆ ಹೋದ್ರಾ? ನಾವು ಹೊರಡುವ?" ಎಂದು ತನ್ನ ಹಿಂದಿಯಲ್ಲಿ ಕೇಳುತ್ತ ಒಳಗೆ ಬಂದರು. ಬಂದವರು ಸೋಫಾ ನೋಡಿದರು. ಬಿಳಿ ಚಾದರ ನೋಡಿದರು. "ಎಂಡೆ ದೈವಮೇ" ಎಂದು ಎದೆಗೆ ಬಡಿದುಕೊಂಡು ಗೋಳೋ ಎಂದು ಅಳತೊಡಗಿದರು. ಭಾವನಿಗೆ ಕನಿಕರ ಉಕ್ಕಿತು. ಎದ್ದು ಕುಳಿತು, "ನೋ ಪ್ರಾಬ್ಲಮ್ ಚೇಚಿ, ಓನ್ಲಿ ಡ್ರಿಲ್" ಎಂದರು. ಹೆಣ ಎದ್ದು ಇಂಗ್ಲಿಷ್ ಮಾತಾಡಿದರೆ ಯಾರು ತಾನೇ ತಡೆದುಕೊಂಡಾರು? ಚೇಚಿ ಕಿರುಚಿದ್ದು ರಸ್ತೆಯ ಆಚೆಯ ಮಸೀದಿಯವರೆಗೆ ಕೇಳಿಸಿರಬೇಕು.

ನೀರು ಕುಡಿಸಿ ಕೂರಿಸಿದ ಮೇಲೆ ವಿಚಾರಣೆ. ಹೊರಡುವ ಎಂದರಲ್ಲ, ಎಲ್ಲಿಗೆ? ಚೇಚಿ ಅಕ್ಕನ ಮುಖ ನೋಡಿದರು. ಅಕ್ಕ ಸೆರಗು ಸರಿಮಾಡಿಕೊಂಡು ಹೇಳಿಯೇಬಿಟ್ಟಳು.

"ಲುಸೈಲಿಗೆ. ನಿಮ್ಮ ಡ್ಯೂಟಿ ಇದ್ದ ದಿನ ನಾವು ತಿರುಗ್ಲಿಕ್ಕೆ ಹೋಗ್ತೇವೆ. ಇವತ್ತು ಡ್ಯೂಟಿ ಇಲ್ಲ ಅಂತ ಚೇಚಿಗೆ ಹೇಳ್ಲಿಕ್ಕೆ ಮರ್ತೆ."

"ಲುಸೈಲಿಗಾ? ಹೇಗೆ ಹೋಗುವುದು?"

"ಮೂಲೆಯಿಂದ ಬಸ್ಸು, ಮತ್ತೆ ಮೆಟ್ರೋ, ಗ್ರೀನ್ ಲೈನ್. ಮ್ಶೈರೆಬಲ್ಲಿ ಇಳಿದು ರೆಡ್ ಲೈನ್. ಸೀದಾ." ನನ್ನ ಕಡೆ ಕೈ ತೋರಿಸಿ ಸೇರಿಸಿದಳು, "ಇವನನ್ನೂ ಅಲ್ಲಿ ಕಾಣ್ತೇವೆ. ಆಫೀಸಿನ ಹೊತ್ತಲ್ಲಿ ಐಸ್‌ಕ್ರೀಮ್ ತಿನ್ತಾ ಇರ್ತಾನೆ."

ಕ್ರಾಂತಿಯಲ್ಲಿ ಮೊದಲು ಬಲಿಯಾಗುವವನು ಅಮಾಯಕ ಎನ್ನುವುದು ಸುಳ್ಳಲ್ಲ.

ಊಟಕ್ಕೆ ಕುಳಿತೆವು. ಡ್ರಿಲ್ ಮುಗಿದ ಮೇಲೆ ಎಲ್ಲಿ ತಪ್ಪಾಯಿತು ಎಂದು ಚರ್ಚಿಸಲೇಬೇಕು, ಅದು ಅವರ ಪ್ಲಾಂಟಿನ ನಿಯಮ. ಭಾವ ಅನ್ನ ಕಲಸತೊಡಗಿದರು. ಆಮೇಲೆ, "ಎಲ್ಲ ಪಾಸ್. ನಾನಿಲ್ಲದಿದ್ರೂ ನಡೀತದೆ" ಎಂದರು. ಇನ್ನೂ ಸ್ವಲ್ಪ ಕಲಸಿದರು. "ಆದ್ರೆ ಒಂದು. ಅತ್ತದ್ದು ಮೇಲಿನ ಮನೆಯ ಚೇಚಿ ಮಾತ್ರ. ನಮ್ಮವರು ಒಬ್ಬರೂ ಅಳ್ಲಿಲ್ಲ."

ಮಗಳು ಫಕ್ಕನೆ ನಕ್ಕಳು. ಅಕ್ಕ ನಗಲಿಲ್ಲ, "ಸಾರು ಹಾಕ್ಲಾ?" ಎಂದು ಕೇಳಿ ಉತ್ತರಕ್ಕೆ ಕಾಯದೆ ಹಾಕಿದಳು. ನನಗೆ ಭಾವನನ್ನು ನೋಡಿ ಪಾಪ ಎನ್ನಿಸಿತು. ತಾನಿಲ್ಲದಿದ್ದರೆ ಮನೆ ನಿಲ್ಲುವುದಿಲ್ಲ ಎಂದು ಇಷ್ಟು ದಿನ ಹೆದರಿದ್ದರು. ಈಗ ನಿಲ್ಲುತ್ತದೆ ಎಂದು ಗೊತ್ತಾಗಿ ಅದಕ್ಕೂ ಹೆದರುತ್ತಿದ್ದರು. ಇಂಥ ಮನುಷ್ಯನನ್ನು ಏನು ಮಾಡುವುದು ಹೇಳಿ?

ಮಂಗಳವಾರ ಬಂತು. ಆಸ್ಪತ್ರೆಯಲ್ಲಿ ಅಕ್ಕ ಯಾರನ್ನೂ ಕಾಯಲಿಲ್ಲ. ಸಹಿ ಹಾಕಿದ್ದೂ ಅವಳೇ, ಡಾಕ್ಟರನ್ನು ಹಿಡಿದು ನಿಲ್ಲಿಸಿ ಪ್ರಶ್ನೆ ಕೇಳಿದ್ದೂ ಅವಳೇ, ಪರೀಕ್ಷೆ ಇದ್ದ ಮಗಳನ್ನು ಗದರಿಸಿ ಸ್ಕೂಲಿಗೆ ಕಳಿಸಿದ್ದೂ ಅವಳೇ. ಭಾವನನ್ನು ಒಳಗೆ ತಳ್ಳಿಕೊಂಡು ಹೋಗುವಾಗ ಆಕೆಯ ಮುಖ ನೋಡಿದೆ. ಅಂಗಡಿಯಲ್ಲಿ ತರಕಾರಿ ಆರಿಸುವಾಗ ಇರುತ್ತದಲ್ಲ, ಹಾಗೇ ಇತ್ತು. ನನಗೆ ಸಿಟ್ಟೇ ಬಂತು. ಗಂಡನಲ್ಲವೇ, ಒಂದು ಹನಿ ಕಣ್ಣೀರಿಗೆ ಬರವೇ?

ಮಧ್ಯಾಹ್ನ ಡಾಕ್ಟರು ಬಂದು ಎಲ್ಲ ಚೆನ್ನಾಗಿ ಆಯಿತು ಎಂದರು. ಅಕ್ಕ ಕೈಮುಗಿದಳು, ಅಷ್ಟೇ. ಸಂಜೆ ಒಬ್ಬ ನರ್ಸ್ ನಗುತ್ತ ಹೊರಗೆ ಬಂದಳು. ಭಾವನಿಗೆ ಎಚ್ಚರವಾಗಿದೆಯಂತೆ. ಬಾಯಿಯಲ್ಲಿ ನಳಿಗೆ ಇರುವುದರಿಂದ ಮಾತಾಡಲಾಗದು. ಆದರೆ ಕಣ್ಣು ಬಿಟ್ಟವರೇ ಗೋಡೆಯ ಹತ್ತಿರ ಕಟ್ಟದೆ ನಿಲ್ಲಿಸಿದ್ದ ಆಕ್ಸಿಜನ್ ಸಿಲಿಂಡರಿನ ಕಡೆ ಬೆರಳು ತೋರಿಸಿ, ತೋರಿಸಿ, ಅದಕ್ಕೆ ಸರಪಳಿ ಹಾಕಿಸುವವರೆಗೆ ಬಿಡಲಿಲ್ಲವಂತೆ.

ಅಕ್ಕ ನಕ್ಕಳು. ನಗುತ್ತ ನಗುತ್ತ ಕುರ್ಚಿಯಲ್ಲಿ ಕುಸಿದು ಕುಳಿತು, ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. ಎಂಥ ಅಳು ಅದು. ಆಚೀಚೆ ಕುಳಿತವರು ಎದ್ದು ಬಂದರು, ಯಾರೋ ಒಬ್ಬ ಅರಬಿ ಅಜ್ಜಿ ಬಂದು ಬೆನ್ನು ಸವರಿದಳು. ನಾನು ಅವಳ ಪಕ್ಕದಲ್ಲಿ ಕುಕ್ಕರಿಸಿದೆ.

"ಅಕ್ಕ, ಎಂತಕ್ಕೆ ಅಳುವುದು? ಭಾವನಿಗೆ ಎಂತ ಆಗ್ಲಿಲ್ಲ. ಬದುಕಿದ್ದಾರೆ."

"ಬದುಕಿದ್ದಾರೆ ಅಂತಲೇ ಅಳುವುದು ಮಾರಾಯ" ಎಂದಳು ಅಕ್ಕ. "ಸತ್ತಿದ್ರೆ ನನಗೆ ಅಳ್ಲಿಕ್ಕೆ ಪುರುಸೊತ್ತು ಕೊಡ್ತಿದ್ರಾ ಅವರು?"