ಅರ್ಧಕ್ಕೆ ನಿಂತ ಡೌನ್‌ಲೋಡುಗಳು

ಹಳೇಬೀಡಿನ ಬಸ್‌ಸ್ಟ್ಯಾಂಡ್ ಹತ್ತಿರ ನನ್ನದೊಂದು ಕಂಪ್ಯೂಟರ್ ಅಂಗಡಿ. ಆನ್‌ಲೈನ್ ಅರ್ಜಿ, ಜೆರಾಕ್ಸ್, ಪ್ರಿಂಟು. ಬೆಳಗ್ಗೆ ಷಟರ್ ಎತ್ತಿದ್ದೇ ತಡ, ಯಾರದಾದರೂ ಒಂದು ಫೈಲು ಅರ್ಧ ದಾರಿಯಲ್ಲಿ ನಿಂತೇ ನಿಲ್ಲುತ್ತೆ. "ಸರ್ವರ್ ಡೌನ್, ನಾಳೆ ಬನ್ನಿ" ಅನ್ನೋದು ಸುಲಭ. ನಾನು ಅನ್ನಲ್ಲ. ಬಸ್ಸು ಹತ್ತಿ ಬಂದವರನ್ನ ಬರಿಗೈಲಿ ಕಳಿಸಬಾರದು ಅನ್ನೋದು ನನ್ನ ಹಟ. ನನ್ನ ಗಿರಾಕಿಗಳು ನನಗಿಂತ ಹಟಮಾರಿಗಳು.

ತೊಂಬತ್ತೊಂಬತ್ತು

ರಿಟೈರಾದ ಮೇಷ್ಟ್ರೊಬ್ಬರು ಪಿಂಚಣಿಯ ಕಾಗದ ತೆಗೆಸಲು ಬಂದರು. ಡೌನ್‌ಲೋಡ್ ಸರಸರ ಓಡಿ, ಕೊನೇ ಗಳಿಗೆಯಲ್ಲಿ ನಿಂತಿತು. ನಿಲ್ಲಿಸಿ ಮತ್ತೆ ಶುರು ಮಾಡಿದೆ. ಅಲ್ಲೇ. ಮೊಬೈಲಿನ ನೆಟ್ ಕೊಟ್ಟು ನೋಡಿದೆ. ಅಲ್ಲೇ.

"ಎಷ್ಟಕ್ಕೆ ನಿಂತಿದೆಯಮ್ಮ?" ಅಂದರು.

"ನೂರಕ್ಕೆ ತೊಂಬತ್ತೊಂಬತ್ತು ಬಂದಿದೆ ಸಾರ್."

"ಮತ್ತಿನ್ನೇನು? ಪ್ರಿಂಟ್ ಕೊಡು."

"ಪೂರ್ತಿ ಬರದೆ ತೆರೆಯೋದೇ ಇಲ್ಲ ಸಾರ್."

ಮೇಷ್ಟ್ರಿಗೆ ಸಿಟ್ಟು ನೆತ್ತಿಗೇರಿತು. "ಮೂವತ್ತೆರಡು ಬಂದವರಿಗೂ ಮೂರು ಸೇರಿಸಿ ಪಾಸ್ ಮಾಡಿದೋನು ನಾನು. ತೊಂಬತ್ತೊಂಬತ್ತು ತಗೊಂಡೋನನ್ನ ಫೇಲ್ ಮಾಡೋಕೆ ಇದಕ್ಕೆ ಎಷ್ಟು ಸೊಕ್ಕಿರಬೇಕು!"

ಹನ್ನೊಂದು ಪಹಣಿ

ಹಗರೆಯ ಹೆಂಗಸೊಬ್ಬಳು ಜಮೀನಿನ ಪಹಣಿ ತೆಗೆಸಲು ಬಂದಿದ್ದಳು. ಎಲ್ಲಿ ಒತ್ತಬೇಕು ಅಂತ ತೋರಿಸಿ, "ಒಂದೇ ಸಲ ಒತ್ತಿ ಕಾಯ್ತಾ ಇರು" ಅಂದು ಜೆರಾಕ್ಸ್ ಕಡೆ ಹೋದೆ. ಕಾಯೋ ಜೀವವಲ್ಲ ಅದು. ನನ್ನ ಬೆನ್ನ ಹಿಂದೆ ಟಿಕ್ ಟಿಕ್ ಅಂತ ಒತ್ತುತ್ತಲೇ ಇದ್ದಳು. ಇದ್ದಕ್ಕಿದ್ದಂತೆ ನೆಟ್ಟಿಗೆ ಜೀವ ಬಂದು ಫೈಲುಗಳು ದಬದಬ ಇಳಿದವು.

"ನೋಡು, ಹನ್ನೊಂದು ಪಹಣಿ ಬಂದವೆ," ಅಂತ ರೇಗಿಸಿದೆ.

ಅವಳು ಸ್ಟೂಲನ್ನ ನನ್ನ ಪಕ್ಕಕ್ಕೆ ಎಳೆದುಕೊಂಡು ದನಿ ತಗ್ಗಿಸಿದಳು. "ಅಕ್ಕಾ, ನಮ್ ಮೈದುನಂಗೆ ಮಾತ್ರ ಹೇಳ್ಬ್ಯಾಡ. ಇರೋ ಒಂದೆಕರೆಗೇ ಪಾಲು ಕೇಳ್ತಾವ್ನೆ."

ಸಹಾಯವಾಣಿ

ಒಂದು ದಿನ ಯಾವುದೋ ವೆಬ್‌ಸೈಟಿನಿಂದ ಫೈಲು ಇಳಿಯಲೇ ಇಲ್ಲ. ಜಗಳಕ್ಕೆ ಸಿದ್ಧವಾಗಿಯೇ ಅವರ ಸಹಾಯವಾಣಿಗೆ ಫೋನ್ ಮಾಡಿದೆ.

"ಡೌನ್‌ಲೋಡ್ ಆಗದಿದ್ರೆ ಏನು ಮಾಡಬೇಕು ಅಂತ ಒಂದು ಕೈಪಿಡಿ ಇದೆ ಮೇಡಂ," ಅಂದಳು ಆ ಕಡೆಯ ಹುಡುಗಿ, ಬಲು ನಯವಾಗಿ.

"ಎಲ್ಲಿ ಸಿಗುತ್ತೆ?"

"ಅದೇ ಸೈಟಲ್ಲಿ ಮೇಡಂ. ಡೌನ್‌ಲೋಡ್ ಮಾಡ್ಕೊಳ್ಳಿ."

ಆಮೇಲೆ, ನಮ್ಮ ಸೇವೆ ಹೇಗಿತ್ತು ಅಂತ ಒಂದು ಲಿಂಕ್ ಕಳಿಸಿದರು. ಸರಿಯಾಗಿ ಬರೀತೀನಿ ಅಂತ ಒತ್ತಿದೆ. ಅದೂ ತೆರೆಯಲಿಲ್ಲ. ಬಚಾವಾದರು.

ಮಾಲೀಕರ ಹುಟ್ಟುಹಬ್ಬ

ಕೆರೆಯಾಚೆ ಹಳ್ಳಿಯ ಹುಡುಗಿಗೆ ಮಾರನೇ ದಿನ ಅರಸೀಕೆರೆಯಲ್ಲಿ ನರ್ಸಿಂಗ್ ಪರೀಕ್ಷೆ. ಹಾಲ್ ಟಿಕೆಟ್ ತೆಗೆಸಲು ಅಜ್ಜಿಯ ಜೊತೆ ಬಂದಿದ್ದಳು. ಫೈಲು ಇಳಿಯಲು ಶುರುವಾಗುತ್ತೆ, ನಿಲ್ಲುತ್ತೆ. ಬ್ರೌಸರಿನ ಹಳೇ ಕಸ ಗುಡಿಸಿದೆ. ಬೇರೆ ಬ್ರೌಸರ್ ಹಾಕಿದೆ. ಕಂಪ್ಯೂಟರನ್ನೇ ಆರಿಸಿ ಹಚ್ಚಿದೆ. ಹುಡುಗಿಯ ಕಣ್ಣು ತುಂಬಿ ಬಂತು. ಅಜ್ಜಿ ಮಾತ್ರ ಬಾಗಿಲಿಗೆ ಅಡ್ಡ ಕೂತುಬಿಟ್ಟಳು. "ಚೀಟಿ ಕೈಗೆ ಬರೋಗಂಟ ನಾನು ಏಳಾಕಿಲ್ಲ. ನಿನ್ನೂ ಏಳಕ್ಕೆ ಬಿಡಾಕಿಲ್ಲ."

ಅಷ್ಟರಲ್ಲಿ ಹುಡುಗಿ ಕಣ್ಣೊರೆಸಿಕೊಂಡು, "ಅಕ್ಕಾ, ಇಲ್ಲಿ ಸಣ್ಣಕ್ಷರದಲ್ಲಿ ಡಿಸ್ಕ್ ಫುಲ್ ಅಂತ ಐತಲ್ಲ?" ಅಂದಳು.

ಒಂದು ಗಂಟೆಯಿಂದ ನಾನದನ್ನ ಓದಿಯೇ ಇರಲಿಲ್ಲ! ಹುಡುಕಿದರೆ, ಜಾಗವನ್ನೆಲ್ಲ ನುಂಗಿ ಕೂತಿದ್ದು ನನ್ನ ಮಳಿಗೆಯ ಮಾಲೀಕರ ಹುಟ್ಟುಹಬ್ಬದ ವಿಡಿಯೋ. ಜೋಪಾನವಾಗಿ ಇಟ್ಟಿರು ಅಂತ ಅವರೇ ಕೊಟ್ಟಿದ್ದು. ಊರಿಗೇ ಗುಟುರು ಹಾಕೋ ಮನುಷ್ಯ.

"ಅಜ್ಜಿ, ಇದನ್ನ ಅಳಿಸಿದ್ರೆ ಅವರು ನನ್ನ ಅಂಗಡೀನೇ ಖಾಲಿ ಮಾಡಿಸ್ತಾರೆ."

"ಹುಟ್ಟಿದಬ್ಬ ವರ್ಸ ವರ್ಸಾನೂ ಬತ್ತದೆ. ಅಳ್ಸವ್ವ."

ಆಗಿದ್ದಾಗಲಿ ಅಂತ ಅಳಿಸಿದೆ. ಹಾಲ್ ಟಿಕೆಟ್ ಕ್ಷಣದಲ್ಲಿ ಇಳಿಯಿತು. ಹುಡುಗಿ ಅದನ್ನ ಎದೆಗವಚಿಕೊಂಡು ಓಡಿದಳು.

ಎರಡೇ ದಿನಕ್ಕೆ ಮಾಲೀಕರು ಬಿರುಗಾಳಿಯಂತೆ ಒಳಗೆ ಬಂದರು. "ನನ್ನ ವಿಡಿಯೋ ಎಲ್ಲಮ್ಮಾ?"

ನಾನು ಎದ್ದು ನಿಂತೆ. "ಅಳಿಸಿದೆ ಸಾರ್. ಒಂದು ಹುಡುಗಿಯ ಹಾಲ್ ಟಿಕೆಟ್‌ಗೆ ಜಾಗ ಬೇಕಿತ್ತು. ತಪ್ಪು ಅಂತ ನನಗನ್ನಿಸಿಲ್ಲ. ಖಾಲಿ ಮಾಡು ಅಂದ್ರೆ ಮಾಡ್ತೀನಿ."

ಮಾಲೀಕರು ದೊಪ್ಪನೆ ಕುರ್ಚಿಯಲ್ಲಿ ಕೂತರು. ಟವೆಲ್ಲಿನಿಂದ ಮುಖ ಒರೆಸಿಕೊಂಡರು.

"ಪುಣ್ಯಾತಗಿತ್ತಿ! ಕೇಕ್ ಕತ್ತರಿಸುವಾಗ ನನ್ನ ಪಂಚೆ ಬಿಚ್ಚೋಯ್ತಲ್ಲ, ಅದನ್ನೂ ಬಿಡದಂಗೆ ಹಿಡಿದವ್ನಂತೆ ಆ ವಿಡಿಯೋದವ್ನು. ಈಗ ಗೊತ್ತಾಯ್ತು. ಅಳಿಸು ಅನ್ನಕ್ಕೇ ಓಡಿ ಬಂದೆ."

ಮೆಟ್ಟಿಲು ಇಳಿದವರು ಮತ್ತೆ ತಿರುಗಿ ಬಂದು, ಬಾಗಿಲಲ್ಲಿ ತಲೆ ಹಾಕಿ ಪಿಸುಗುಟ್ಟಿದರು: "ಪೂರ್ತಿ ಹೋಗೈತೆ ತಾನೇ? ಆ ಕಂಪ್ಯೂಟರಿನ ಕಸದ ಬುಟ್ಟೀನೂ ಒಂದ್ಸಲ ನೋಡ್ಬಿಡಮ್ಮ... ಅಲ್ಲಲ್ಲ, ನೋಡ್ಬೇಡ! ಕಣ್ಣು ಮುಚ್ಕೊಂಡು ಖಾಲಿ ಮಾಡು!"